ಹನ್ನೊಂದು ದಿನ ಕಡಿಮೆ

ನನ್ನ ವಾರಿಗೆಯ ಶಿಕ್ಷಕರಲ್ಲಿ ಮುಕ್ಕಾಲು ಪಾಲು ಜನ ಹುಟ್ಟಿದ್ದು ಜೂನ್ ಒಂದನೇ ತಾರೀಖು. ಹೊರಗಿನವರು ಯಾರಾದರೂ ನಮ್ಮ ಸೇವಾ ಪುಸ್ತಕಗಳನ್ನು ತೆರೆದು ನೋಡಿದರೆ, ಬೈಲಹೊಂಗಲ ಸವದತ್ತಿ ಕಡೆಯ ಹೆಂಗಸರು ವರ್ಷಕ್ಕೆ ಒಂದೇ ದಿನ ಹೆರುತ್ತಾರೆ, ಉಳಿದ ದಿನವೆಲ್ಲ ಹೊಲಕ್ಕೆ ಹೋಗುತ್ತಾರೆ ಎಂದುಕೊಂಡಾರು. ನಿವೃತ್ತಿಯೂ ಹಾಗೆಯೇ. ಮೇ ತಿಂಗಳ ಕೊನೆಯ ದಿನ ಬಂತೆಂದರೆ ತಾಲೂಕಿನ ತುಂಬ ಶಾಲು, ಹಾರ, ಫೋಟೊ. ಒಬ್ಬರ ಬೀಳ್ಕೊಡುಗೆಯ ಊಟದಿಂದ ಕೈ ತೊಳೆದು ಇನ್ನೊಬ್ಬರದಕ್ಕೆ ಬಸ್ಸು ಹಿಡಿಯಬೇಕು. ನನ್ನದೂ ಅದೇ ದಿನ ಬರುತ್ತದೆ, ಇನ್ನು ಬಹಳ ದೂರವಿಲ್ಲ.

ನಿಜಕ್ಕೂ ನಾನು ಹುಟ್ಟಿದ್ದು ಎಳ್ಳಮವಾಸ್ಯೆಯ ದಿನ, ಹೊಲಕ್ಕೆ ಹೋಗಿ ಬೆಳೆಗೆ ಎಡೆಯ ಚರಗ ಚೆಲ್ಲಿ ಬಂದ ಸಂಜೆ. ಅವ್ವ ಇದನ್ನು ಎಷ್ಟು ಸಲ ಹೇಳಿದ್ದಾಳೆಂದರೆ, ಆ ದಿನ ಮಾಡಿದ್ದ ಸಜ್ಜಿ ಕಡುಬಿನ ಲೆಕ್ಕವೂ ನನಗೆ ಬಾಯಿಪಾಠ. ಚಚಡಿಯ ವಾಡೆಯಿಂದ ಒಂದು ಹರದಾರಿ ಆಚೆಗಿನ ಊರು ನಮ್ಮದು. ಅಲ್ಲಿಯ ಶಾಲೆಗೆ ಅಪ್ಪ ನನ್ನನ್ನು ಕರೆದುಕೊಂಡು ಹೋದಾಗ ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ. ಆಗ ವಯಸ್ಸಿಗೆ ಇದ್ದದ್ದು ಒಂದೇ ಪರೀಕ್ಷೆ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದರೆ ಒಂದನೇ ಇಯತ್ತೆ, ಮುಟ್ಟದಿದ್ದರೆ ಮುಂದಿನ ವರ್ಷ. ನನ್ನ ಬೆರಳು ಕಿವಿಗೆ ತಾಗಲಿಲ್ಲ. ಮಾಸ್ತರರು ಅಪ್ಪನ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಏನೂ ಆಗದವರಂತೆ ನನ್ನ ತಲೆಯನ್ನು ಒಂದಿಷ್ಟು ಬಲಕ್ಕೆ ಬಾಗಿಸಿದರು. ಬೆರಳು ತಾಗಿತು. ಅವರು ರಜಿಸ್ಟರಿನಲ್ಲಿ ನಾನು ಹುಟ್ಟುವುದಕ್ಕಿಂತ ಹಿಂದಿನ ಜೂನ್ ಒಂದನ್ನು ಬರೆದುಕೊಂಡರು. ಹೀಗೆ ನಾನು ಏಳು ತಿಂಗಳು ದೊಡ್ಡವಳಾಗಿ ಶಾಲೆಗೆ ಸೇರಿದೆ. ಈಗ ಏಳು ತಿಂಗಳು ಮುಂಚೆಯೇ ಮನೆಗೆ ಹೋಗುತ್ತೇನೆ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಾನು ಮುಂದೆ ಹೇಳಲಿರುವ ಹುಡುಗಿಗೆ ಇದ್ದ ತೊಂದರೆಯೂ ಇದೇ. ವ್ಯತ್ಯಾಸ ಇಷ್ಟೇ, ಅವಳಿಗೆ ಏಳು ತಿಂಗಳೂ ಬೇಕಾಗಿರಲಿಲ್ಲ.

ಮುನವಳ್ಳಿಯಿಂದ ಒಳದಾರಿ ಹಿಡಿದರೆ ಸಿಗುವ ಒಂದು ಸಣ್ಣ ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಒಂದರಿಂದ ಮೂರರವರೆಗಿನ ನಲಿಕಲಿ ತರಗತಿ ನೋಡಿಕೊಳ್ಳುತ್ತೇನೆ. ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪುಗುಂಪಾಗಿ ಕುಳಿತು, ಕಾರ್ಡುಗಳನ್ನು ಒಂದೊಂದಾಗಿ ಓದಿ ಮುಗಿಸುತ್ತ ಮೆಟ್ಟಿಲು ಹತ್ತಿದಂತೆ ಮೇಲಕ್ಕೆ ಹೋಗುವ ಪದ್ಧತಿ ಅದು. ಮನೆ ಬೈಲಹೊಂಗಲದಲ್ಲಿ. ದಿನಾ ಬಸ್ಸು. ಮುಖ್ಯೋಪಾಧ್ಯಾಯರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಮೃದು ಮನುಷ್ಯ, ಎಲ್ಲರಿಗೂ ಹೂಂ ಅನ್ನುವವರು. ಎಲ್ಲದಕ್ಕೂ ಊಹೂಂ ಅನ್ನುವವಳು ನಾನು. ಇಬ್ಬರೂ ಸೇರಿ ಶಾಲೆ ನಡೆಯುತ್ತಿತ್ತು.

ಒಂದನೇ ತರಗತಿಗೆ ಸೇರಲು ಜೂನ್ ಒಂದಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮದ ಬಗ್ಗೆ ಎಷ್ಟು ವಾದ ನಡೆಯಿತೆಂದು ಪೇಪರು ಓದುವವರಿಗೆ ಗೊತ್ತು. ಆರಕ್ಕೆ ಮುಂಚೆ ಮಗುವಿನ ತಲೆಗೆ ಅಕ್ಷರ ತುರುಕಬಾರದು ಎಂದು ತಿಳಿದವರು ಹೇಳಿದರು. ಅದು ಸುಳ್ಳೇನಲ್ಲ, ಐದಕ್ಕೇ ಬಂದ ಮಕ್ಕಳು ಮೂರನೆಯ ತರಗತಿಯಲ್ಲಿ ಬಳಲುವುದನ್ನು ನಾನೇ ಕಂಡಿದ್ದೇನೆ. ಯುಕೆಜಿ ಮುಗಿಸಿದ ಮಕ್ಕಳು ಮತ್ತೆ ಯುಕೆಜಿಯಲ್ಲೇ ಕೂರಬೇಕೇ ಎಂದು ಪಟ್ಟಣದ ತಂದೆತಾಯಿಗಳು ಬೀದಿಗಿಳಿದರು. ಅದೂ ನ್ಯಾಯವೇ. ಕೂಗಿದವರಿಗೆ ಒಂದು ವರ್ಷ ವಿನಾಯಿತಿ ಸಿಕ್ಕಿತು. ಆ ವರ್ಷ ನಮ್ಮ ಊರಿನ ಮಕ್ಕಳೂ ಅದರಲ್ಲಿ ಪಾರಾದರು. ಮುಂದಿನ ವರ್ಷಕ್ಕೆ ವಿನಾಯಿತಿ ಇರಲಿಲ್ಲ. ನಾನು ಹೇಳುವ ಹುಡುಗಿ ಬಂದದ್ದು ಆ ಮುಂದಿನ ವರ್ಷ.

ತಾರೀಖಿನ ವಿಷಯದಲ್ಲಿ ನಾನು ಹಟಮಾರಿಯಾದದ್ದಕ್ಕೆ ಒಂದು ಕಾರಣವಿತ್ತು. ಬಹಳ ಹಿಂದೆ ನನ್ನ ಕೈಯಲ್ಲಿ ಕಲಿತ ಒಬ್ಬ ಯುವಕ ಸೈನ್ಯದ ಭರ್ತಿಗೆಂದು ಬೆಳಗಾವಿಗೆ ಹೋಗಿ, ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದು, ಕಾಗದದಲ್ಲಿ ಸೋತು ಬಂದಿದ್ದ. ಶಾಲೆಯ ಜೂನ್ ಒಂದು ಅವನನ್ನು ವಯಸ್ಸು ಮೀರಿದವನನ್ನಾಗಿ ಮಾಡಿತ್ತು. ಆ ತಾರೀಖನ್ನು ಬರೆದ ಕೈ ನನ್ನದೇ. ಅವನು ಬಂದು ಏನೂ ಬೈಯಲಿಲ್ಲ, ನಮಸ್ಕಾರ ಮಾಡಿ ಹೋದ. ಅಂದಿನಿಂದ ನಾನು ನಿಜವಾದ ತಾರೀಖಿನ ಪ್ರಚಾರಕಿಯಾದೆ. ತರಬೇತಿಗಳಲ್ಲಿ ಎದ್ದು ನಿಂತು ಮಾತಾಡಿದೆ. ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಿ, ಜನನ ಪ್ರಮಾಣಪತ್ರ ಇಸಿದುಕೊಳ್ಳಿ, ಶಾಲೆಗೆ ಅದನ್ನೇ ತನ್ನಿ ಎಂದು ಪಾಲಕರ ಸಭೆಯಲ್ಲಿ ಪ್ರತಿ ವರ್ಷ ಹೇಳಿದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರಲ್ಲ, ಆ ಜಾತಿಗೆ ಮಾತ್ರ ಸೇರಬಾರದೆಂದು ನನ್ನ ಛಲ.

ಆ ಮಾತುಗಳನ್ನು ಅಕ್ಷರಶಃ ನಂಬಿ ನಡೆದವಳು ಆ ಹುಡುಗಿಯ ತಾಯಿ. ಗಂಡ ಟೆಂಪೋ ಚಾಲಕ, ಸುತ್ತಲಿನ ಹೊಲಗಳ ಉಳ್ಳಾಗಡ್ಡಿ, ಹತ್ತಿಗಳನ್ನು ಬೈಲಹೊಂಗಲದ ಮಾರುಕಟ್ಟೆಗೆ ಒಯ್ಯುತ್ತಿದ್ದ. ಅವಳು ಮನೆಯಲ್ಲಿ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ದಾರ ಹಾಯಿಸುವ ಕೆಲಸ. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತುಗಳು. ಮಗಳನ್ನು ಶಾಲೆಗೆ ಸೇರಿಸಲು ಬಂದ ದಿನ ಅವಳು ಸೆರಗಿನೊಳಗಿಂದ ಜನನ ಪ್ರಮಾಣಪತ್ರವನ್ನು ತೆಗೆದು ನನ್ನ ಮೇಜಿನ ಮೇಲೆ ಇಟ್ಟಳು. ಲ್ಯಾಮಿನೇಶನ್ ಮಾಡಿಸಿದ್ದಳು. ನಮ್ಮ ಶಾಲೆಯಲ್ಲಿ ಅಷ್ಟು ಚೊಕ್ಕವಾದ ಕಾಗದವನ್ನು ನಾನು ಅದುವರೆಗೆ ಕಂಡಿರಲಿಲ್ಲ. ನೋಡಿ ನನಗೆ ಸಂತೋಷವೇ ಆಯಿತು. ಆಮೇಲೆ ತಾರೀಖು ಓದಿದೆ.

ಹನ್ನೊಂದು ದಿನ ಕಡಿಮೆ ಇತ್ತು.

ಹೇಳಿದೆ. ಅವಳಿಗೆ ದುಃಖವೇನೂ ಆಗಲಿಲ್ಲ. ಬದಲಿಗೆ, ಇಷ್ಟೇನಾ ಎಂಬಂತೆ ನಿರಾಳವಾಗಿ ನನ್ನನ್ನು ನೋಡಿದಳು.

"ಹನ್ನೊಂದ ದಿನಾ ಏನ್ ಮಹಾ ಬಿಡ್ರಿ ಅಕ್ಕೋರ. ಹನ್ನೊಂದ ದಿನಾ ಮನ್ಯಾಗ ಇಟ್ಕೊಂಡು ಹನ್ನೆರಡನೇ ದಿನಾ ಕರಕೊಂಡ ಬರತೇನಿ."

ಮುಖ್ಯೋಪಾಧ್ಯಾಯರು ನಕ್ಕರು. ನಾನೂ ನಕ್ಕೆ. ಈಗ ಆ ನಗೆ ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ, ಯಾಕೆಂದರೆ ಆ ಕೋಣೆಯಲ್ಲಿ ಸರಿಯಾಗಿ ಲೆಕ್ಕ ಹಾಕಿದವಳು ಅವಳೊಬ್ಬಳೇ. ಹನ್ನೊಂದು ದಿನ ಕಡಿಮೆಯಾದರೆ ಹನ್ನೊಂದು ದಿನ ಕಾಯಬೇಕು. ಹನ್ನೊಂದು ದಿನಕ್ಕೆ ಒಂದು ವರ್ಷ ಕಾಯಬೇಕು ಎಂಬುದನ್ನು ನಾನು ಅವಳಿಗೆ ಮೂರು ರೀತಿಯಲ್ಲಿ ವಿವರಿಸಿದೆ, ಮೂರರಲ್ಲಿ ಒಂದೂ ನನಗೇ ಸರಿಯೆನಿಸಲಿಲ್ಲ. ಹುಡುಗಿ ತಾಯಿಯ ಸೀರೆ ಹಿಡಿದು ನಿಂತು ಗೋಡೆಗೆ ನೇತುಹಾಕಿದ ಕಾರ್ಡುಗಳ ಚೀಲಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಅಂಗನವಾಡಿಯಲ್ಲಿ ಅವಳ ಜೊತೆಗಿದ್ದ ಹುಡುಗಿಯರೆಲ್ಲ ಆಗಲೇ ಒಳಗೆ ಕುಳಿತಿದ್ದರು.

ಅವರು ಹೋದ ಮೇಲೆ ಮುಖ್ಯೋಪಾಧ್ಯಾಯರು ಮೆತ್ತಗೆ ಒಂದು ದಾರಿ ಹೇಳಿದರು. ಈಗ ಜೂನ್ ಒಂದು ಅಂತ ಬರೆದುಕೊಳ್ಳೋಣ, ಆಧಾರಿನಲ್ಲಿ ಬೇರೆ ಇದ್ದರೆ ಮುಂದೆ ತಿದ್ದುಪಡಿ ಮಾಡಿಸೋಣ, ಅರ್ಧ ಶಾಲೆಯದು ಹಾಗೆಯೇ ಇದೆ ಎಂದರು. ನಾನು ಸಿಡಿದೆ. ಈ ಕೈಯಿಂದ ಇನ್ನೊಂದು ಸುಳ್ಳು ತಾರೀಖು ಬೀಳುವುದಿಲ್ಲ ಎಂದೆ. ಅವರು ಜಗಳಗಂಟರಲ್ಲ. ಕನ್ನಡಕ ಒರೆಸಿಕೊಳ್ಳುತ್ತ ಒಂದೇ ಮಾತು ಕೇಳಿದರು.

"ನಿಮ್ಮ ತಾರೀಖ ಯಾವದರಿ ಅಕ್ಕೋರ?"

ಎರಡು ದಿನ ಅವರ ಜೊತೆ ನಾನು ಚಹಾ ಕುಡಿಯಲಿಲ್ಲ.

ಹುಡುಗಿಯನ್ನು ಮತ್ತೆ ಅಂಗನವಾಡಿಗೆ ಕಳಿಸಿ ಎಂದು ತಾಯಿಗೆ ಹೇಳಿದ್ದೆ. ಅಂಗನವಾಡಿ ನಮ್ಮ ಕಂಪೌಂಡಿನ ಗೋಡೆಗೇ ಅಂಟಿಕೊಂಡಿದೆ. ಹುಡುಗಿ ಮೂರು ದಿನ ಹೋದಳು. ಅಲ್ಲಿ ಉಳಿದವರೆಲ್ಲ ಮೂಗು ಸುರಿಸುವ ಕೂಸುಗಳು. ನಾಲ್ಕನೆಯ ದಿನ, ಜಿಟಿಜಿಟಿ ಮಳೆಯಲ್ಲಿ, ನಮ್ಮ ಕೋಣೆಯ ಬಾಗಿಲಲ್ಲಿ ಮಕ್ಕಳ ಚಪ್ಪಲಿಗಳ ಪಕ್ಕ ಅವಳು ಕುಳಿತಿದ್ದಳು. ಯಾರೂ ಕರೆದಿರಲಿಲ್ಲ. ಒದ್ದೆಯಾಗಿದ್ದಳು. ಒಳಗೆ ಬಾ ಎಂದೆ. ಅಷ್ಟೇ, ಬಂದು ತನ್ನ ಗೆಳತಿಯ ಪಕ್ಕ ಕುಳಿತಳು.

ನಮ್ಮ ಹಳ್ಳಿ ಶಾಲೆಗಳಲ್ಲಿ ಹೀಗೆ ಹೆಸರಿಲ್ಲದೆ ಕೂರುವುದು ಹೊಸದಲ್ಲ. ಅಕ್ಕನ ಜೊತೆ ತಮ್ಮ, ಮನೆಯಲ್ಲಿ ಯಾರೂ ಇಲ್ಲವೆಂದು ಕೂಸು, ಹೀಗೆ ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ. ಅವರು ಆಡುತ್ತಾರೆ, ನಿದ್ದೆ ಮಾಡುತ್ತಾರೆ, ಎದ್ದು ಮನೆಗೆ ಹೋಗುತ್ತಾರೆ. ಈ ಹುಡುಗಿ ನಿದ್ದೆ ಮಾಡಲಿಲ್ಲ. ಹದಿನೈದು ದಿನಕ್ಕೆ ಅಕ್ಷರದ ಕಾರ್ಡುಗಳನ್ನು ದಾಟಿದಳು. ಶ್ರಾವಣ ಬರುವ ಹೊತ್ತಿಗೆ ಚಿತ್ರದ ಕೆಳಗಿನ ವಾಕ್ಯವನ್ನು ಚಿತ್ರ ಮುಚ್ಚಿ ಓದುತ್ತಿದ್ದಳು. ತನಗೆ ಗೊತ್ತಾದದ್ದನ್ನು ಪಕ್ಕದವರಿಗೆ ಹೇಳಿಕೊಡುವ ಒಂದು ಗತ್ತು ಅವಳಿಗೆ ಇತ್ತು. ಬೆರಳು ಎತ್ತಿ, ಹುಬ್ಬು ಏರಿಸಿ, ನನ್ನ ಹಾಗೆಯೇ. ಮಕ್ಕಳು ನಗುತ್ತಿದ್ದರು, ನಾನೂ ಮುಸುನಗುತ್ತಿದ್ದೆ. ನಿಜ ಹೇಳಬೇಕೆಂದರೆ, ಆ ವರ್ಷ ಬೆಳಗಿನ ಬಸ್ಸು ಹತ್ತಲು ನನಗೆ ಬೇಸರವಾಗುತ್ತಿರಲಿಲ್ಲ.

ಹಾಜರಿ ಕರೆಯುವಾಗ ಮಾತ್ರ ತೊಡಕು. ಪ್ರತಿಯೊಬ್ಬರ ಹೆಸರಿಗೂ "ಹಾಜರ್ರಿ" ಎಂದು ಉತ್ತರ ಬರುತ್ತಿತ್ತು. ಕೊನೆಯ ಹೆಸರು ಮುಗಿದು ನಾನು ಪುಸ್ತಕ ಮುಚ್ಚಿದಾಗ ಅವಳು ನನ್ನನ್ನೇ ನೋಡುತ್ತ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿರುತ್ತಿದ್ದಳು. ನಾಲ್ಕಾರು ದಿನ ಕಂಡೂ ಕಾಣದವಳಂತೆ ಇದ್ದೆ. ಒಂದು ದಿನ ಅವಳು ಹತ್ತಿರ ಬಂದು, ತನ್ನದನ್ನು ಯಾವಾಗ ಕರೆಯುತ್ತೀರಿ ಎಂದು ಕೇಳಿದಳು. ಮುಂದಿನ ವರ್ಷ ಎಂದೆ. ಅವಳು ಹೋಗಿ ಕುಳಿತಳು. ಮರುದಿನ ಎಲ್ಲರ ಹೆಸರು ಮುಗಿದ ಮೇಲೆ, ಪುಸ್ತಕದ ಮೇಲೆಯೇ ಕಣ್ಣಿಟ್ಟು, ಅದರಲ್ಲಿ ಇಲ್ಲದ ಅವಳ ಹೆಸರನ್ನು ಕರೆದೆ. ಅವಳ ಉತ್ತರ ಅಂಗಳದ ಆಚೆಗಿನ ಅಡುಗೆ ಕೋಣೆಯವರೆಗೂ ಕೇಳಿತಂತೆ.

ಆಮೇಲೆ ದಿನಾ ಕರೆದೆ. ಸುಳ್ಳು ತಾರೀಖು ಬರೆಯಲೊಲ್ಲದವಳು ದಿನವೂ ಒಂದು ಸುಳ್ಳು ಹೆಸರು ಕರೆಯುತ್ತಿದ್ದೇನೆ ಎಂದು ನನಗೆ ಅನಿಸಲಿಲ್ಲ. ಕರುಣೆ ತೋರಿಸುತ್ತಿದ್ದೇನೆ ಎಂದು ನಾನು ತಿಳಿದಿದ್ದೆ. ಕರುಣೆ ತೋರುವವರಿಗೆ ತಾವು ಒಳ್ಳೆಯವರು ಎಂಬ ಭ್ರಮೆ ಬೇಗ ಹತ್ತುತ್ತದೆ.

ಮಧ್ಯಾಹ್ನದ ಊಟದ ಸಂಖ್ಯೆಯನ್ನು ದಿನವೂ ಫೋನಿನಲ್ಲಿ ಕಳಿಸಬೇಕು. ಅದರಲ್ಲಿ ಅವಳಿರಲಿಲ್ಲ. ಅಡುಗೆಯ ಮುದುಕಿ, ಊರಿನ ಎಲ್ಲ ಮಕ್ಕಳನ್ನೂ ಬೈದು ಉಣಿಸುವವಳು, ಒಂದು ಸೌಟು ಸಾಂಬಾರು ಹೆಚ್ಚಾದರೆ ಸರ್ಕಾರ ಮುಳುಗುವುದಿಲ್ಲ ಎಂದು ಬಡಿಸುತ್ತಿದ್ದಳು. ಆದರೆ ಮೊಟ್ಟೆ ಮಾತ್ರ ಎಣಿಸಿ ಬರುವಂಥದ್ದು. ಮೊಟ್ಟೆಯ ದಿನ ಹುಡುಗಿ ತಟ್ಟೆ ಹಿಡಿದು ಸಾಲಿನ ಕೊನೆಗೆ ನಿಲ್ಲುತ್ತಿದ್ದಳು, ಉಳಿದರೆ ಕೊಡಲಿ ಎಂದು. ಉಳಿಯದಿದ್ದರೆ ಅನ್ನ ಸಾಂಬಾರು ಉಂಡು ತಟ್ಟೆ ತೊಳೆದಿಡುತ್ತಿದ್ದಳು. ಕೇಳುತ್ತಿರಲಿಲ್ಲ.

ಗಣಪತಿ ಹಬ್ಬ ಮುಗಿದ ಮರುವಾರ ಒಬ್ಬ ಅಧಿಕಾರಿ ಬಂದರು. ಸಣ್ಣ ಶಾಲೆಗಳನ್ನು ದೊಡ್ಡ ಶಾಲೆಗಳಿಗೆ ಸೇರಿಸುತ್ತಾರೆ, ಮಕ್ಕಳ ತಲೆ ಎಣಿಸುತ್ತಾರೆ, ಪುಸ್ತಕದಲ್ಲಿ ಹೆಸರಿದ್ದು ನೆಲದ ಮೇಲೆ ಮಗುವಿಲ್ಲದಿದ್ದರೆ ಶಿಕ್ಷಕರ ಮೇಲೆ ಬರುತ್ತದೆ ಎಂದೆಲ್ಲ ಸುದ್ದಿ ಹಬ್ಬಿದ್ದ ದಿನಗಳು. ಜೀಪು ಗೇಟಿನ ಬಳಿ ನಿಂತದ್ದನ್ನು ಕಂಡು ಮುಖ್ಯೋಪಾಧ್ಯಾಯರು ಹೆದರಿ ಮಕ್ಕಳ ತಲೆ ಎಣಿಸತೊಡಗಿದರು. ನಮ್ಮಲ್ಲಿ ಹೆಸರಿದ್ದ ಮಕ್ಕಳೆಲ್ಲ ಅಂದು ಬಂದಿದ್ದರು. ಹೆದರುವ ಕಾರಣವೇ ಇರಲಿಲ್ಲ. ಆದರೆ ಹೆದರಿಕೆಗೆ ಕಾರಣ ಬೇಕಿಲ್ಲ, ರೂಢಿ ಸಾಕು.

ಆ ಅಧಿಕಾರಿ ಕೆಟ್ಟವರಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಬೂಟು ಬಿಚ್ಚಿ ಒಳಗೆ ಬಂದು ಮಕ್ಕಳ ನಡುವೆ ನೆಲದ ಮೇಲೆಯೇ ಕುಳಿತರು. ಒಂದು ಕಾರ್ಡು ಎತ್ತಿ, ಇದನ್ನು ಯಾರು ಓದುತ್ತೀರಿ ಎಂದರು. ಎಲ್ಲ ಮಕ್ಕಳೂ ಹೊಸಬರನ್ನು ಕಂಡು ಮುದುಡಿದ್ದರು. ಅವಳು ಎದ್ದು ನಿಂತಳು. ತಡೆಯಿಲ್ಲದೆ ಓದಿದಳು. ಅವರು ಇನ್ನೊಂದು ಕಾರ್ಡು ಕೊಟ್ಟರು, ಅದು ಎರಡನೆಯ ತರಗತಿಯದು. ಅದನ್ನೂ ಓದಿದಳು, ಓದಿ ಮುಗಿಸಿ ಪಕ್ಕದ ಹುಡುಗಿಯ ಕಡೆ ತಿರುಗಿ, ತಿಳಿಯಿತಾ ಎಂಬಂತೆ ಹುಬ್ಬು ಏರಿಸಿದಳು. ಅಧಿಕಾರಿ ಜೋರಾಗಿ ನಕ್ಕರು. ಜೇಬಿನಿಂದ ಪೆನ್ನು ತೆಗೆದು, ಈ ಮಗುವಿನ ಹೆಸರು ಬರೆದುಕೊಳ್ಳುತ್ತೇನೆ, ಹಾಜರಿಯಲ್ಲಿ ಎಷ್ಟನೆಯ ನಂಬರು ಎಂದು ಕೇಳಿದರು.

ಮುಖ್ಯೋಪಾಧ್ಯಾಯರು ನನ್ನ ಕಡೆ ನೋಡಿದರು. ಹಾಜರಿ ಪುಸ್ತಕ ಮೇಜಿನ ಮೇಲೆ ಇತ್ತು. ಅಧಿಕಾರಿ ಅದನ್ನು ಎಳೆದುಕೊಂಡು ಒಂದನೆಯ ತರಗತಿಯ ಹೆಸರುಗಳ ಮೇಲೆ ಬೆರಳು ಆಡಿಸತೊಡಗಿದರು. ಆ ಬೆರಳು ಕೆಳಗೆ ಬರುವಷ್ಟರಲ್ಲಿ ನಾನು ನಿಜ ಹೇಳಬಹುದಿತ್ತು. ಸರ್, ಹನ್ನೊಂದು ದಿನ ಕಡಿಮೆ, ಹೆಸರು ಹಾಕಲು ಬರುವುದಿಲ್ಲ, ನಾನೇ ಕೂರಿಸಿಕೊಂಡಿದ್ದೇನೆ ಎಂದರೆ ಅವರು ಬಹುಶಃ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಅದೂ ಆ ಕ್ಷಣದಲ್ಲೇ ನನಗೆ ಗೊತ್ತಿತ್ತು. ಆದರೆ ಮೂವತ್ತು ವರ್ಷ ಹಾಜರಿಯಲ್ಲಿ ಒಂದೂ ತಪ್ಪು ಇಲ್ಲದ ನನ್ನ ಪುಸ್ತಕ ಅವರ ತೊಡೆಯ ಮೇಲಿತ್ತು.

"ಆಕಿ ನಮ್ಮ ಸಾಲ್ಯಾಕಿ ಅಲ್ರಿ ಸರ್," ಎಂದೆ. "ಊಟದ ಸಲುವಾಗಿ ಬಂದು ಕುಂತಿರತಾಳ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಲ್ಲರೂ ಆಡುವ ಗಾದೆ ಇದು, ನಾನೂ ಮಕ್ಕಳಿಗೆ ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ.

ಅಧಿಕಾರಿ ಪೆನ್ನನ್ನು ಜೇಬಿಗೆ ಇಟ್ಟರು. ಅವರಿಗೂ ಇರುಸುಮುರುಸಾಯಿತು. ಹೊರಗಿನ ಮಕ್ಕಳನ್ನು ಹೀಗೆ ಕೂರಿಸಬೇಡಿ, ಏನಾದರೂ ಆದರೆ ನಿಮ್ಮ ಮೇಲೆಯೇ ಬರುತ್ತದೆ, ಹೊರಗೆ ಕಳಿಸಿ ಎಂದು ಮೆಲ್ಲಗೆ ಹೇಳಿದರು. ನಾನು ಅವಳ ಕಡೆ ನೋಡಿದೆ. ಕಣ್ಣಿನಿಂದಲೇ ಹೋಗು ಎಂದೆ. ಅವಳು ಕೈಯಲ್ಲಿದ್ದ ಕಾರ್ಡನ್ನು ಅದರ ಚೀಲದಲ್ಲಿ, ಅದರ ನಂಬರಿನ ಜಾಗದಲ್ಲೇ ಇಟ್ಟಳು. ಚಪ್ಪಲಿ ಹಾಕಿಕೊಂಡಳು. ಅವು ಅದಲುಬದಲಾಗಿದ್ದವು, ಸರಿ ಮಾಡಿಕೊಳ್ಳದೆ ಹೋದಳು. ಊಟದ ಗಂಟೆ ಇನ್ನೂ ಆಗಿರಲಿಲ್ಲ.

ನಮ್ಮ ಶಾಲೆಯ ಬಗ್ಗೆ ಅಂದು ಒಳ್ಳೆಯ ವರದಿ ಹೋಯಿತು.

ಮರುದಿನ ಅವಳು ಬರಲಿಲ್ಲ. ಹಾಜರಿ ಮುಗಿದ ಮೇಲೆ ಅಭ್ಯಾಸಬಲದಿಂದ ಅವಳ ಹೆಸರನ್ನು ಕರೆದುಬಿಟ್ಟೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೆಯ ದಿನ ತಾಯಿ ಬಂದಳು. ಜಗಳ ತೆಗೆಯುತ್ತಾಳೆ ಎಂದು ನಾನು ಮನಸ್ಸಿನಲ್ಲೇ ಉತ್ತರಗಳನ್ನು ಹೊಂದಿಸಿಕೊಂಡೆ. ಅವಳು ಒಳಗೂ ಬರಲಿಲ್ಲ, ಹೊಸ್ತಿಲಾಚೆಯೇ ನಿಂತಳು. ದನಿ ಏರಿಸಲಿಲ್ಲ.

"ಆಕಿ ಊಟಕ್ಕ ಬರತಿದ್ದಿಲ್ರಿ ಅಕ್ಕೋರ. ದಿನಾ ಮುಂಜಾನಿ ರೊಟ್ಟಿ ಉಂಡ ಬರತಿದ್ಲು. ನೀವು ಹೆಸರ ಕರೀತೀರಿ ಅಂತ ಬರತಿದ್ಲು."

ಅವಳು ಇನ್ನೊಂದು ವಿಷಯ ತಿಳಿಸಿ ಹೋದಳು. ಹುಡುಗಿ ಅಂದಿನಿಂದ ಅಕ್ಕಪಕ್ಕದ ಮನೆಯಲ್ಲಿ ಏನು ಕೊಟ್ಟರೂ ಮುಟ್ಟುತ್ತಿಲ್ಲವಂತೆ. ದೀಪಾವಳಿ ಕಳೆದು ಬರುವ ಗೌರಿ ಹುಣ್ಣಿಮೆಯ ಸಕ್ಕರೆ ಅಚ್ಚನ್ನು ತಂದುಕೊಟ್ಟರೂ ಕೈ ಹಿಂದೆ ಕಟ್ಟಿಕೊಳ್ಳುತ್ತಾಳೆ ಎಂದು ಮುಂದೆ ಬಂದ ಹಬ್ಬದಲ್ಲಿ ಅಡುಗೆಯ ಮುದುಕಿಯೂ ನನಗೆ ಹೇಳಿದಳು. ಹೇಳಿ, ನನ್ನನ್ನು ನೋಡದೆ ಪಾತ್ರೆ ತಿಕ್ಕಿದಳು.

ಆ ವರ್ಷ ನಾನು ಅವರ ಮನೆಗೆ ನಾಲ್ಕು ಸಲ ಹೋದೆ. ಕೌದಿಗೆಂದು ತಂದಿಟ್ಟ ಹಳೆ ಸೀರೆಗಳ ರಾಶಿ ಪಡಸಾಲೆಯಲ್ಲಿ ಇರುತ್ತಿತ್ತು. ನನ್ನ ದನಿ ಕೇಳಿದೊಡನೆ ಹುಡುಗಿ ಅದರ ಹಿಂದೆ ಹೋಗಿ ಕೂರುತ್ತಿದ್ದಳು. ತಾಯಿ ನೀರು ಕೊಟ್ಟಳು, ಚಹಾ ಕೊಟ್ಟಳು, ಬಂದವರಿಗೆ ಮಾಡಬೇಕಾದ ಮರ್ಯಾದೆಯಲ್ಲಿ ಒಂದೂ ಕಡಿಮೆ ಮಾಡಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ಒಮ್ಮೆ ಕೆಲವು ಕಾರ್ಡುಗಳನ್ನು ಒಯ್ದು ಅಲ್ಲೇ ಇಟ್ಟು ಬಂದೆ. ಮುಂದಿನ ಸಲ ಹೋದಾಗ ಅವು ಇಟ್ಟಲ್ಲೇ ಇದ್ದವು, ಮೇಲೆ ಒಂದು ಬಟ್ಟೆ ಮುಚ್ಚಿತ್ತು. ಕ್ಷಮೆ ಕೇಳೋಣವೆಂದು ಒಮ್ಮೆ ಬಾಯಿ ತೆರೆದೆ. ಆದರೆ ದೊಡ್ಡವರ ಹತ್ತಿರ ಕೇಳುವ ಕ್ಷಮೆಯ ಮಾತುಗಳು ನನಗೆ ಗೊತ್ತು, ಆರು ವರ್ಷದವಳ ಹತ್ತಿರ ಏನೆಂದು ಕೇಳುವುದು? ತಪ್ಪಾಯಿತು ಎಂದರೆ ಯಾವುದು ತಪ್ಪಾಯಿತು ಎಂದು ಅವಳು ಕೇಳಿದರೆ?

ಬಸ್ಸಿನಲ್ಲಿ ಬರುವಾಗ ನನ್ನ ಹಳೆಯ ಮಾಸ್ತರರು ನೆನಪಾಗುತ್ತಿದ್ದರು. ಅವರು ಬರೆದದ್ದು ಸುಳ್ಳು, ನನಗೆ ಮಾಡಿದ್ದು ಒಳಿತು. ನಾನು ಸುಳ್ಳು ಬರೆಯಲಿಲ್ಲ, ಅವಳಿಗೆ ಮಾಡಿದ್ದು ಏನು? ನಿಯಮ ಬೇಡವೆಂದು ಈಗಲೂ ನಾನು ಹೇಳಲಾರೆ. ಓಟದಲ್ಲಿ ಗೆದ್ದು ಕಾಗದದಲ್ಲಿ ಸೋತ ಆ ಯುವಕನೂ ಕಣ್ಣಮುಂದೆ ಬರುತ್ತಾನೆ. ವಯಸ್ಸು, ಪಠ್ಯ, ಪರೀಕ್ಷೆ, ವಿಲೀನ ಎಂದು ಟಿವಿಯಲ್ಲಿ ದೊಡ್ಡವರು ವಾದಿಸುವಾಗ ಯಾರ ಕಡೆಯೂ ಪೂರ್ತಿ ತಪ್ಪೆಂದು ನನಗೆ ಕಾಣುವುದಿಲ್ಲ. ಆದರೆ ನಿಯಮ ಅವಳನ್ನು ಒಂದು ವರ್ಷ ಹೊರಗೆ ಇಟ್ಟಿತು, ಅಷ್ಟೇ. ಅವಳು ಅದನ್ನು ಲೆಕ್ಕಿಸದೆ ಮಳೆಯಲ್ಲಿ ನೆನೆದು ಒಳಗೆ ಬಂದಿದ್ದಳು. ಅವಳನ್ನು ಹೊರಗೆ ಹಾಕಿದವಳು ನಾನು.

ಮರುವರ್ಷ ಜೂನ್ ತಿಂಗಳಲ್ಲಿ ಅವಳಿಗೆ ಆರು ತುಂಬಿ, ಮೇಲೆ ಹತ್ತಿರಹತ್ತಿರ ಒಂದು ವರ್ಷವೂ ಆಗಿತ್ತು. ತಾಯಿ ಅದೇ ಲ್ಯಾಮಿನೇಶನ್ ಕಾಗದ ತಂದಳು. ನಾನು ನಿಜವಾದ ತಾರೀಖನ್ನೇ ಬರೆದೆ, ದುಂಡಗೆ, ತಿದ್ದಿ ತಿದ್ದಿ. ಹುಡುಗಿ ಒಳಗೆ ಬಂದು ಹೊಸ ಮಕ್ಕಳ ಸಾಲಿನಲ್ಲಿ ಕುಳಿತಳು. ಅವಳ ಗೆಳತಿಯರು ಎರಡನೆಯ ತರಗತಿಗೆ ಹೋಗಿದ್ದರು, ಅದೇ ಕೋಣೆಯ ಆ ಮೂಲೆಗೆ. ಕಾರ್ಡು ಕೊಟ್ಟರೆ ಓದುತ್ತಿದ್ದಳು, ತುಟಿ ಅಲ್ಲಾಡುವಷ್ಟು ಮಾತ್ರ. ಯಾರಿಗೂ ಏನೂ ಹೇಳಿಕೊಡುತ್ತಿರಲಿಲ್ಲ. ಹೆಸರು ಕರೆದಾಗ ಉತ್ತರ ಕೊಡುತ್ತಿದ್ದಳು, ಕೊಟ್ಟಳೋ ಇಲ್ಲವೋ ಎಂದು ನಾನು ತಲೆ ಎತ್ತಿ ನೋಡಬೇಕು, ಹಾಗೆ. ಮೊಟ್ಟೆಯ ದಿನ ಅವಳ ಪಾಲಿನ ಮೊಟ್ಟೆ ಬರುತ್ತಿತ್ತು. ಬೇಡವೆಂದು ತಲೆಯಾಡಿಸುತ್ತಿದ್ದಳು. ಮನೆಯಿಂದ ತಂದ ರೊಟ್ಟಿಯ ಗಂಟನ್ನು ಬಿಚ್ಚುತ್ತಿದ್ದಳು.

ಕಾಲ ಕಳೆದಂತೆ ಸರಿಹೋಗುತ್ತದೆ, ಮಕ್ಕಳು ಮರೆಯುತ್ತಾರೆ ಎಂದು ಎಲ್ಲರೂ ಹೇಳಿದರು. ನಾನೂ ಹಾಗೆಯೇ ಅಂದುಕೊಂಡೆ. ಜುಲೈ ಕೊನೆಯಲ್ಲಿ ಒಂದು ದಿನ ಗೇಟಿನ ಬಳಿ ಕಾರು ನಿಂತ ಸದ್ದಾಯಿತು. ಈ ಸಲ ಬಂದವರು ಬೇರೆ ಅಧಿಕಾರಿ, ಒಬ್ಬ ಹೆಣ್ಣುಮಗಳು. ತರಾತುರಿಯಲ್ಲಿದ್ದರು. ಮಕ್ಕಳನ್ನು ನಿಲ್ಲಿಸಿ ಎಣಿಸಿದರು, ಪುಸ್ತಕ ನೋಡಿದರು, ಮತ್ತೆ ಎಣಿಸಿದರು. ಹಾಜರಿ ಎಂದು ಹಾಕಿದವರಲ್ಲಿ ಒಬ್ಬರು ಕಡಿಮೆ ಇದ್ದಾರೆ ಎಂದರು. ನಾನು ಕೋಣೆಯ ಸುತ್ತ ನೋಡಿದೆ. ಅವಳ ಜಾಗದಲ್ಲಿ ಚೀಲವೂ ಇರಲಿಲ್ಲ, ಪಾಟಿಯೂ ಇರಲಿಲ್ಲ. ಎಲ್ಲಿ ಹೋದಳೆಂದು ನಾನು ಯಾರನ್ನೂ ಕೇಳಬೇಕಾಗಲಿಲ್ಲ.

"ಒಬ್ಬಾಕಿ ಹೊರಗ ಅದಾಳ್ರಿ ಮೇಡಮ್," ಎಂದೆ. "ಹೋದ ವರ್ಷ ನಾನ ಹೊರಗ ಕಳಿಸೀನ್ರಿ. ಯಾರರ ಬಂದ್ರ ತಾನ ಎದ್ದು ಹೊರಗ ಹೋಗತಾಳ."

ಅವರಿಗೆ ಇದು ಅರ್ಥವಾಗಲಿಲ್ಲ. ಅರ್ಥವಾಗುವ ಹಾಗೆ ಹೇಳಲು ನಾನು ಮೊದಲಿನಿಂದ ಶುರುಮಾಡಬೇಕಿತ್ತು, ಅವರು ಇನ್ನೂ ಎರಡು ಶಾಲೆಗೆ ಹೋಗಬೇಕಿತ್ತು. ಶಾಲೆಯ ಆವರಣದಲ್ಲೇ ಇದ್ದಾಳಲ್ಲ, ಹಾಗಾದರೆ ಹಾಜರಿ ಸರಿಯೇ ಇದೆ ಎಂದು ಸಹಿ ಮಾಡಿ ಮುಖ್ಯೋಪಾಧ್ಯಾಯರ ಕೋಣೆಗೆ ನಡೆದರು.

ನಾನು ಅಡುಗೆ ಕೋಣೆಯ ಹಿಂದೆ ಹೋದೆ. ಚೀಲ ಹೆಗಲಿಗೆ ಹಾಕಿಕೊಂಡು, ಪಾಟಿಯನ್ನು ಎದೆಗೆ ಹಿಡಿದುಕೊಂಡು ಅವಳು ಗೋಡೆಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಇದು ತಾನು ಮಾಡಬೇಕಾದ ಕೆಲಸ ಎಂಬಷ್ಟು ಸಹಜವಾಗಿ ನಿಂತಿದ್ದಳು. ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಈಗ ನಿನ್ನ ಹೆಸರು ಪುಸ್ತಕದಲ್ಲಿದೆ, ನೀನು ನಮ್ಮ ಶಾಲೆಯವಳು, ಯಾರು ಬಂದರೂ ನೀನು ಹೊರಗೆ ಬರಬೇಕಾಗಿಲ್ಲ, ಅಂದು ನಾನು ಆಡಿದ್ದು ಸುಳ್ಳು ಎಂದೆಲ್ಲ ಹೇಳಿದೆ. ಒಂದು ವರ್ಷದಿಂದ ಬಾಯಿಗೆ ಬರದಿದ್ದ ಮಾತು ಅಂದು ಒಂದೇ ಸಮನೆ ಬಂತು. ಅವಳು ಪೂರ್ತಿ ಕೇಳಿದಳು. ಹೂಂ ಎಂದು ತಲೆಯಾಡಿಸಿದಳು. ಆಮೇಲೆ ನನ್ನ ಭುಜದ ಮೇಲಿಂದ ಗೇಟಿನ ಕಡೆ ನೋಡಿದಳು.

"ಅವರು ಹೋದ್ರನ್ರಿ ಅಕ್ಕೋರ?"

ಇನ್ನೂ ಇಲ್ಲ ಎಂದೆ. ಒಳಗೆ ಬಾ ಎಂದು ಕೈ ಹಿಡಿದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಹೆಜ್ಜೆಯನ್ನೂ ಕೀಳಲಿಲ್ಲ. ಎಳೆಯುವ ಮನಸ್ಸು ನನಗಾಗಲಿಲ್ಲ. ಒಳಗೆ ಮಕ್ಕಳು ಗದ್ದಲ ಮಾಡುತ್ತಿದ್ದರು, ಮುಖ್ಯೋಪಾಧ್ಯಾಯರು ನನ್ನನ್ನು ಎರಡು ಸಲ ಕೂಗಿದರು. ಕಾರು ಹೊರಡುವವರೆಗೂ ನಾನು ಅವಳ ಜೊತೆ ಹೊರಗೇ ನಿಂತುಕೊಂಡೆ.